ಮರಿಹಾವುಗಳಿದ್ದ ಬೇಸಿಗೆ

ದುಬೈಯ ಇಂಟರ್‌ನ್ಯಾಷನಲ್ ಸಿಟಿಯ ನಮ್ಮ ಮನೆಯಲ್ಲಿ ಎ.ಸಿ.ಯ ಗುಂಡಿಗೆ ಪಪ್ಪ ಸೆಲೋಟೇಪ್ ಸುತ್ತಿದ್ದರು. ಗೋಡೆಯ ಮೇಲಿನ ಆ ಬಿಳಿ ಗುಂಡಿಯನ್ನು ಇಪ್ಪತ್ತನಾಲ್ಕಕ್ಕೆ ತಿರುಗಿಸಿ, ಅದು ಆಚೀಚೆ ಅಲುಗದಂತೆ ಮೂರು ಸುತ್ತು ಟೇಪು. ಅದಕ್ಕೂ ಹಿಂದಿನ ವರ್ಷಗಳಲ್ಲಿ ಹಗಲುಹೊತ್ತು ಎ.ಸಿ. ಹಾಕುವುದೆಂದರೆ ಮನೆಯಲ್ಲಿ ಜಗಳಕ್ಕೆ ಮುಹೂರ್ತ ಇಟ್ಟಂತೆ. ಪಪ್ಪ ಬೆಳಗಿನ ಜಾವ ನಾಲ್ಕೂವರೆಗೆ ಕೆಲಸಕ್ಕೆ ಹೊರಡುವಾಗ ಅದನ್ನು ಆರಿಸಿ ಹೋಗುತ್ತಿದ್ದರು, ಸಂಜೆ ಬಂದು ಸ್ನಾನ ಮಾಡಿದ ಮೇಲೆ ಹಾಕುತ್ತಿದ್ದರು. ನಡುವಿನ ಹೊತ್ತು ನಾನೂ ಅಮ್ಮನೂ ಟೇಬಲ್ ಫ್ಯಾನಿನ ಎದುರು ಸರದಿಯಲ್ಲಿ ಕೂರಬೇಕು. ಒಮ್ಮೆ ಶಾಲೆಯಿಂದ ಬಂದವಳೇ ನಾನು ಗುಂಡಿ ತಿರುಗಿಸಿದ್ದು ಗೊತ್ತಾಗಿ, ಪಪ್ಪ ಊಟದ ತಟ್ಟೆಯ ಮುಂದೆಯೇ ಕೇಳಿದ್ದರು:

"ನಾನು ಬಿಸಿಲಲ್ಲಿ ನಿಂತು ದುಡಿಯುದು. ನಿಮಗೆ ಮನೆ ಒಳಗೆ ಕೂತು ನಾಲ್ಕು ಗಂಟೆ ತಡ್ಕೊಳ್ಳಿಕ್ಕೆ ಆಗುದಿಲ್ವಾ?"

ಅಂಥ ಮನುಷ್ಯ ಎ.ಸಿ.ಯನ್ನು ಇಪ್ಪತ್ತನಾಲ್ಕು ಗಂಟೆಯೂ ಓಡಲು ಬಿಟ್ಟದ್ದು ಎರಡು ಹಾವುಗಳಿಗಾಗಿ. ನಮಗಾಗಿ ಅಲ್ಲ ಎಂಬುದನ್ನು ಅವರು ಮುಚ್ಚಿಡಲೂ ಇಲ್ಲ.

ಮನೆ ಎಂದೆ, ಅದು ಒಂದೇ ಕೋಣೆ. ಮೂರನೇ ಮಾಳಿಗೆ, ಪರ್ಷಿಯಾ ಹೆಸರಿನ ಬ್ಲಾಕುಗಳ ಗುಂಪು. ಅಲ್ಲಿ ಕಟ್ಟಡಗಳಿಗೆ ದೇಶಗಳ ಹೆಸರಿಟ್ಟಿದ್ದರು. ನಮ್ಮ ಆಚೆ ಬದಿಗೆ ಮೊರಾಕ್ಕೊ, ಅದರಾಚೆ ಇನ್ಯಾವುದೋ ದೇಶ. ಕೋಣೆಯಲ್ಲಿ ಒಂದು ಮಂಚ, ನನಗೊಂದು ಮಡಚುವ ಹಾಸಿಗೆ, ಫ್ರಿಜ್ಜಿನ ಮೇಲೆ ದೇವರು, ಕಿಟಕಿಯ ಪಕ್ಕ ನಾನು ಓದುವ ಮೇಜು. ಒಂದು ಬಾಗಿಲಿನ ಆಚೆ ಅಡುಗೆಮನೆ. ಅಲ್ಲಿಗೆ ಎ.ಸಿ.ಯ ಗಾಳಿ ಇರಲಿಲ್ಲ, ಕಿಟಕಿ ಇದ್ದದ್ದು ಒಂದು ಪುಸ್ತಕದ ಅಗಲ. ಅಮ್ಮ ಕುಂದಾಪುರದವಳು, ಪಪ್ಪ ಕಾಪು ಕಡೆಯ ತುಳುವರು, ಹಾಗಾಗಿ ಮನೆಯಲ್ಲಿ ಕನ್ನಡವೇ ನಡೆಯುತ್ತಿತ್ತು. ಅಮ್ಮನದು ಅವಳ ಊರಿನದು, ಪಪ್ಪನದು ಅವರ ಊರಿನದು, ನನ್ನದು ಅರ್ಧಕ್ಕರ್ಧ ಇಂಗ್ಲಿಷು. ನಾನು ಆಗ ಹತ್ತು ತುಂಬುತ್ತಿದ್ದ ಹುಡುಗಿ. ಹಾವುಗಳು ಬಂದ ದಿನ ನನ್ನ ಮೇಜು ಅವುಗಳ ಪಾಲಾಯಿತು, ನಾನು ನೆಲದಲ್ಲಿ ಕೂತು ಹೋಂವರ್ಕ್ ಮಾಡಲು ಕಲಿತೆ.

ಹಾವುಗಳು ಬಂದದ್ದೇಕೆ ಎಂದು ಹೇಳಬೇಕು. ಪಪ್ಪ ರಸ್ತೆ ಕೆಲಸದ ಕಂಪನಿಯೊಂದರಲ್ಲಿ ಫೋರ್‌ಮನ್. ಪೈಪು ಹಾಕಲು ಮರಳು ಅಗೆಯುವಾಗ ಒಂದು ಹಾವು ಎದ್ದಿತಂತೆ, ಕೆಲಸದವರು ಚದುರಿ ಓಡಿದರಂತೆ. ಪಪ್ಪ ಜೆಸಿಬಿಯವನಿಗೆ "ಯಲ್ಲಾ, ಬೇಗ ಹಾಕು ಅದರ ಮೇಲೆ" ಎಂದರಂತೆ. ಅವನು ಹಾಕಿದ. ಪಪ್ಪ ಕೈಯಿಂದ ಮುಟ್ಟಲಿಲ್ಲ, ಮಾತಿನಲ್ಲಿ ಕೊಂದರು. ಅದಾಗಿ ಎರಡು ತಿಂಗಳಿಗೆ ಅಮ್ಮನ ಹೊಟ್ಟೆಯಲ್ಲಿದ್ದ ಮಗು ನಿಲ್ಲಲಿಲ್ಲ. ಊರಿನಲ್ಲಿ ಅಜ್ಜಿ ಜೋಯಿಸರ ಹತ್ತಿರ ಹೋಗಿ ಪ್ರಶ್ನೆ ಇಡಿಸಿದಳು. ನಾಗನ ದೋಷ ಕಂಡಿತು. ಗಂಡ ಹೆಂಡತಿ ಇಬ್ಬರೂ ಬಂದು ಕೂತು ಆಶ್ಲೇಷಾ ಬಲಿ ಮಾಡಿಸಬೇಕು, ಮೂಲಸ್ಥಾನದ ಬನದಲ್ಲಿ ನಾಗನಿಗೆ ಹಾಲು, ಸೀಯಾಳದ ತನು ಎರೆಯಬೇಕು ಎಂದರು. ಕೆಲಸ ಮುಗಿಯುವವರೆಗೆ ಪಪ್ಪನಿಗೆ ರಜೆ ಇಲ್ಲ. ಕೆಲಸ ಯಾವಾಗ ಮುಗಿಯುತ್ತದೆ ಎಂದು ಯಾರಿಗೂ ಗೊತ್ತಿಲ್ಲ. ಅಷ್ಟರಲ್ಲಿ ಅಮ್ಮ ಮತ್ತೆ ಬಸುರಿಯಾದಳು.

ಬೇರೆ ಯಾರಾದರೂ ಹರಕೆ ಹೇಳಿಕೊಂಡು ಒಂದು ಕಾಯಿ ತೆಗೆದಿಟ್ಟು ಸುಮ್ಮನಾಗುತ್ತಿದ್ದರು. ಪಪ್ಪ ಸುಮ್ಮನಿರುವ ಜಾತಿಯವರಲ್ಲ. ಯಾವ ಜೋಯಿಸರೂ ಹೇಳದ ಒಂದು ಪರಿಹಾರವನ್ನು ಸ್ವಂತ ತಲೆಯಿಂದ ಕಂಡುಹಿಡಿದರು. ಕೊಂದದ್ದು ಒಂದು, ಅದಕ್ಕೆ ಬದಲಾಗಿ ಎರಡನ್ನು ಸಾಕುವುದು. ಊರಿಗೆ ಹೋಗಿ ಬಲಿ ಮಾಡಿಸುವ ದಿನದವರೆಗೆ ಅವನ್ನು ಜೀವದಿಂದ ಇಟ್ಟುಕೊಳ್ಳುವುದು. ಮನೆಯ ಹತ್ತಿರದಲ್ಲೇ ಸಾಕುಪ್ರಾಣಿಗಳ ಮಾರ್ಕೆಟ್ ಇತ್ತು. ಒಂದು ಶುಕ್ರವಾರ ಹೋಗಿ ತೂತು ಕೊರೆದ ಮುಚ್ಚಳದ ಒಂದು ಗಾಜಿನ ಪೆಟ್ಟಿಗೆ ತಂದರು. ಒಳಗೆ ಪೆನ್ಸಿಲಿನಷ್ಟು ದಪ್ಪದ ಎರಡು ಮರಿಗಳು, ಕಿತ್ತಳೆ ಮೈ, ಬೆನ್ನ ಮೇಲೆ ಕೆಂಪು ಮಚ್ಚೆ. ಕಾರ್ನ್ ಸ್ನೇಕ್ ಅಂತೆ, ವಿಷವಿಲ್ಲವಂತೆ. ಅಮ್ಮ ಒಲೆ ಆರಿಸಿ ಬಂದು ಸೌಟು ಹಿಡಿದುಕೊಂಡೇ ನೋಡಿದಳು.

"ಹ್ವಾಯ್, ನಿಮ್ಗೆ ಮರ್ಲಾ? ಇದು ಎಲ್ಲಿಯ ಹಾವು?"

"ಅಮೆರಿಕದ್ದಂತೆ."

"ಅಮೆರಿಕದ ಹಾವಿಗೂ ನಿಮ್ಮ ಬನದ ನಾಗಂಗೂ ಎಂತ ಸಂಬಂಧ ಮಾರಾಯ್ರೆ? ಹೆಡೆ ಸಾ ಇಲ್ಲ ಅದ್ಕೆ."

"ನಾಗ ಅಂದ್ರೆ ನಾಗ. ಊರು ಕೇಳ್ಬೇಡ ನೀನು."

ಅಮ್ಮ ನಕ್ಕಳು. ಅವಳು ನಗುವುದನ್ನು ನಿಲ್ಲಿಸಿದ್ದು, ಪಪ್ಪ ಫ್ರೀಜರ್ ತೆಗೆದು ಬಂಗುಡೆಯ ಪಕ್ಕ ಇನ್ನೊಂದು ಡಬ್ಬಿ ಇಟ್ಟಾಗ. ಅದರಲ್ಲಿ ಇದ್ದವು ಹುಟ್ಟಿದ ದಿನವೇ ಮಂಜುಗಟ್ಟಿಸಿದ ಗುಲಾಬಿ ಬಣ್ಣದ ಇಲಿಮರಿಗಳು. ಮೊದಲ ದಿನ ಪಪ್ಪ ಚಿಕ್ಕ ಬಟ್ಟಲಲ್ಲಿ ಹಾಲು ಇಟ್ಟು ಕೈಮುಗಿದಿದ್ದರು. ಹಾವುಗಳು ಅತ್ತ ತಿರುಗಿಯೂ ನೋಡಲಿಲ್ಲ. ಮರುದಿನ ಅಂಗಡಿಯ ಮಲಯಾಳಿಗೆ ಫೋನ್ ಮಾಡಿದರೆ ಅವನು ಬೈದನಂತೆ. ಆಮೇಲೆ ಹಾಲು ನನಗೆ ಬಂತು, ಇಲಿಮರಿ ಅವಕ್ಕೆ ಹೋಯಿತು.

ಅಂಗಡಿಯವನು ಕೊಟ್ಟ ಇಂಗ್ಲಿಷ್ ಹಾಳೆಯೊಂದಿತ್ತು. ಅದನ್ನು ಓದಿ ಹೇಳುವ ಕೆಲಸ ನನ್ನದು. ಅಮ್ಮ ಡಿಗ್ರಿ ಮಾಡಿದವಳು, ಅವಳಿಗೆ ಓದಲು ಬರುತ್ತಿತ್ತು, ಆದರೆ ಪಪ್ಪ ಅವಳ ಕೈಗೆ ಕೊಡಲಿಲ್ಲ. ಅವಳು ನಗುತ್ತಾಳೆ ಎಂಬ ಸಿಟ್ಟು. ಹಾಗೆ ನಾನು ಹತ್ತನೇ ವಯಸ್ಸಿಗೆ ಹಾವಿನ ವಿಷಯದಲ್ಲಿ ಮನೆಯ ಪಂಡಿತೆಯಾದೆ. ಹಾಳೆಯಲ್ಲಿದ್ದದ್ದು ಇಷ್ಟು: ಹಾವಿಗೆ ತನ್ನ ಮೈಯ ಬಿಸಿಯನ್ನು ತಾನೇ ಸರಿಮಾಡಿಕೊಳ್ಳಲು ಬರುವುದಿಲ್ಲ, ಅದು ಜಾಗ ಬದಲಿಸಿಯೇ ಬದುಕಬೇಕು. ಆದ್ದರಿಂದ ಪೆಟ್ಟಿಗೆಯ ಒಂದು ಬದಿ ಅಡಿಗೆ ಹಾಸುವ ಹೀಟ್ ಪ್ಯಾಡಿನಿಂದ ಬೆಚ್ಚಗೆ, ಇನ್ನೊಂದು ಬದಿ ತಂಪಾಗಿ ಇರಬೇಕು. ಎರಡೂ ಬದಿಗೆ ಅಡಗಿ ಕೂರಲು ಗೂಡು ಬೇಕು, ಎರಡೂ ಬದಿಗೆ ಥರ್ಮಾಮೀಟರ್ ಬೇಕು. ಮೈ ಮುಳುಗುವಷ್ಟು ಅಗಲದ ನೀರಿನ ಬಟ್ಟಲು ಬೇಕು. ಬಿಸಿಲು ಬೀಳುವಲ್ಲಿ ಗಾಜಿನ ಪೆಟ್ಟಿಗೆ ಇಡಲೇಬಾರದು. ಮರಿಗಳ ಮೈ ಸಣ್ಣದು, ದೊಡ್ಡ ಹಾವು ತಡೆದುಕೊಳ್ಳುವ ಬಿಸಿಯಲ್ಲಿ ಅವು ಬೇಗ ಸಾಯುತ್ತವೆ. ಇಡೀ ದಿನ ನೀರಿನಲ್ಲೇ ಬಿದ್ದಿದ್ದರೆ, ಮುಚ್ಚಳಕ್ಕೆ ಮೂತಿ ಒತ್ತುತ್ತಿದ್ದರೆ, ಬಾಯಿ ತೆರೆದು ಉಸಿರೆಳೆದರೆ, ಅದಕ್ಕೆ ಸೆಖೆಯಾಗಿದೆ ಎಂದು ತಿಳಿಯಬೇಕು. ಆಗ ನಿಧಾನವಾಗಿ ತಂಪು ಮಾಡಬೇಕು, ಐಸನ್ನು ನೇರ ಮೈಗೆ ತಾಗಿಸಬಾರದು, ಟವೆಲಿನಲ್ಲಿ ಸುತ್ತಿ ಪಕ್ಕಕ್ಕಿಡಬೇಕು. ನಾನು ಇದನ್ನೆಲ್ಲ ಮಗ್ಗಿಯ ಹಾಗೆ ಬಾಯಿಪಾಠ ಮಾಡಿ ಒಪ್ಪಿಸಿದೆ. ಪಪ್ಪ ಕಣ್ಣುಮುಚ್ಚಿ ಕೇಳಿದರು, ಊರಿನಲ್ಲಿ ಜೋಯಿಸರು ಹೇಳುವುದನ್ನು ಕೇಳುವಾಗ ಅಜ್ಜಿ ಕೂರುತ್ತಿದ್ದ ಹಾಗೆ.

ಮೊದಲನೇ ವಾರ ನನ್ನಿಂದ ತಪ್ಪಾಯಿತು. ಮೇಜು ಕಿಟಕಿಯ ಪಕ್ಕ ಇತ್ತಲ್ಲ, ಪರದೆ ಎಳೆದಿದ್ದರೂ ಮೂರು ಗಂಟೆಯ ನಂತರ ಬಿಸಿಲಿನ ಒಂದು ಪಟ್ಟಿ ಸಂದಿನಿಂದ ಒಳಬಂದು ಪೆಟ್ಟಿಗೆಯ ಮೇಲೆ ಬೀಳುತ್ತಿತ್ತು. ನಾನು ನೆಲದಲ್ಲಿ ಬಣ್ಣ ತುಂಬುತ್ತ ಕೂತಿದ್ದೆ. ತಲೆಯೆತ್ತಿದರೆ ಸಣ್ಣ ಮರಿ ಗಾಜಿಗೆ ನೆಟ್ಟಗೆ ನಿಂತು ಮುಚ್ಚಳಕ್ಕೆ ಮೂತಿ ತಿಕ್ಕುತ್ತಿದೆ, ಬಾಯಿ ತೆರೆದಿದೆ. ಪೆಟ್ಟಿಗೆಯನ್ನು ಎಳೆದು ನೆಲಕ್ಕಿಳಿಸಿ, ಒದ್ದೆ ಬಟ್ಟೆ ಹೊದೆಸಿ, ಅದು ಮತ್ತೆ ಸುರುಳಿ ಸುತ್ತಿಕೊಳ್ಳುವವರೆಗೆ ಅಲ್ಲೇ ಕೂತೆ. ಸಂಜೆ ನಾನಾಗಿಯೇ ಪಪ್ಪನಿಗೆ ಹೇಳಿದೆ, ಉಳಿಸಿದೆನಲ್ಲ, ಶಾಭಾಸ್ ಅನ್ನುತ್ತಾರೆ ಎಂಬ ಆಸೆಯಲ್ಲಿ. ಅವರು ನನ್ನ ಜ್ಯಾಮಿಟ್ರಿ ಬಾಕ್ಸಿನ ಸ್ಕೇಲನ್ನೇ ಎತ್ತಿಕೊಂಡು ಅಂಗೈಗೆ ನಾಲ್ಕು ಕೊಟ್ಟರು. ಆಮೇಲೆ ಕುಕ್ಕರಗಾಲಲ್ಲಿ ನನ್ನೆದುರು ಕೂತು, ಮೆಲ್ಲನೆಯ ದನಿಯಲ್ಲಿ ಹೇಳಿದರು:

"ಇವಕ್ಕೆ ಎಂತಾದ್ರೂ ಆದ್ರೆ ನಿನ್ನ ತಮ್ಮ ಬರುದಿಲ್ಲ. ಗೊತ್ತಾಯ್ತಾ ಮಗಾ?"

ಗೊತ್ತಾಯಿತು. ಹತ್ತು ವರ್ಷದ ಮಗುವಿಗೆ ಅದಕ್ಕಿಂತ ಸ್ಪಷ್ಟವಾಗಿ ಹೇಳಲು ಸಾಧ್ಯವಿಲ್ಲ. ಏಟನ್ನು ನಾನು ಎಂದೋ ಮರೆತೆ. ಆ ಮಾತನ್ನು ಹೇಳಿದ್ದಕ್ಕೆ ಪಪ್ಪನ ಮೇಲೆ ಇಂದಿಗೂ ನನಗೆ ಸಿಟ್ಟಿದೆ. ತಮ್ಮ ಬೇಕೆಂದು ನಾನು ಎರಡು ವರ್ಷದಿಂದ ದೇವರ ಪಟದೆದುರು ಕೇಳಿಕೊಂಡವಳು. ಅವನ ಜೀವ ಈಗ ನನ್ನ ಮೇಜಿನ ಮೇಲೆ ಸುರುಳಿ ಸುತ್ತಿಕೊಂಡು ಮಲಗಿದೆ ಎಂದು ನಂಬಿದೆ, ಮತ್ತು ಅದನ್ನು ಕಾಯುವವಳು ನಾನೊಬ್ಬಳೇ ಎಂದು ತಿಳಿದೆ.

ಬೇಸಿಗೆ ರಜೆ ಬಂತು. ಶಾಲೆಯ ಗೆಳತಿಯರೆಲ್ಲ ಊರಿಗೆ ಹೋದರು. ಆ ತಿಂಗಳುಗಳಲ್ಲಿ ಮಧ್ಯಾಹ್ನ ಹೊರಗೆ ಕೆಲಸ ಮಾಡಿಸಬಾರದೆಂದು ಅಲ್ಲಿ ಸರ್ಕಾರದ ನಿಯಮ. ಹನ್ನೆರಡೂವರೆಗೆ ಪಪ್ಪನ ಸೈಟಿನಲ್ಲಿ ಎಲ್ಲರೂ ಟೆಂಟಿನ ನೆರಳಿಗೆ ಹೋಗಿ ಮಲಗುತ್ತಿದ್ದರು. ಆ ನೆರಳಿನಲ್ಲಿ ಕೂತು ಪಪ್ಪ ದಿನವೂ ಮನೆಗೆ ಫೋನ್ ಮಾಡುತ್ತಿದ್ದರು. ಫೋನ್ ನಾನೇ ಎತ್ತಬೇಕು.

"ಎಷ್ಟು ಉಂಟು?"

"ಟ್ವೆಂಟಿ ಏಯ್ಟ್, ಪಪ್ಪ."

"ತಂಪು ಬದಿ?"

"ಟ್ವೆಂಟಿ ಫೋರ್."

"ನೀರು ಬದಲ್ಸಿದ್ದಾ?"

"ಯೆಸ್, ಪಪ್ಪ."

ಫೋನ್ ಕಟ್ಟಾಗುತ್ತಿತ್ತು. ಊಟ ಆಯಿತಾ, ಅಮ್ಮ ಹೇಗಿದ್ದಾಳೆ ಎಂಬ ಪ್ರಶ್ನೆ ಆ ಎರಡು ತಿಂಗಳಲ್ಲಿ ಒಂದು ದಿನವೂ ಬರಲಿಲ್ಲ. ಅಮ್ಮ ಅಡುಗೆಮನೆಯಿಂದ ಕೇಳಿಸಿಕೊಳ್ಳುತ್ತಿದ್ದಳು. ಒಮ್ಮೊಮ್ಮೆ ಒಳಗಿನಿಂದಲೇ, "ನಂಗೆಷ್ಟಿತ್ತ್ ಅಂತ ಸಾ ಹೇಳು ನಿನ್ನ ಪಪ್ಪಂಗೆ" ಎನ್ನುತ್ತಿದ್ದಳು. ನನಗದು ತಮಾಷೆ ಎನಿಸಿ ನಗುತ್ತಿದ್ದೆ.

ಅಡುಗೆಮನೆಯ ಬಾಗಿಲಿನದು ಇನ್ನೊಂದು ಕತೆ. ಅಮ್ಮ ಅದನ್ನು ಅರ್ಧ ತೆರೆದಿಟ್ಟುಕೊಂಡು ಅಡುಗೆ ಮಾಡುತ್ತಿದ್ದಳು, ಕೋಣೆಯ ತಂಪು ಒಂದಿಷ್ಟು ಅತ್ತ ಹೋಗಲಿ ಎಂದು. ಒಲೆ ಹಚ್ಚಿದಾಗ ಕೋಣೆಯ ಥರ್ಮಾಮೀಟರ್ ಒಂದು ಡಿಗ್ರಿ ಮೇಲೇರುತ್ತಿತ್ತು. ನಾನು ಅದನ್ನು ಪಪ್ಪನಿಗೆ ವರದಿ ಮಾಡಿದೆ. ಮರುದಿನದಿಂದ ಬಾಗಿಲು ಮುಚ್ಚಿಯೇ ಇರಬೇಕೆಂದು ಅಪ್ಪಣೆಯಾಯಿತು, ಕೆಳಗಿನ ಸಂದಿಗೆ ಹಳೆಯ ಟವೆಲು ತುರುಕಲಾಯಿತು. ಅಮ್ಮ ಜಗಳವಾಡಿದಳು. ಆರು ತಿಂಗಳ ಹೊಟ್ಟೆ ಹೊತ್ತು ಆ ಗೂಡಿನಲ್ಲಿ ನಿಂತು ನಿಮಗೆ ಮೂರು ಹೊತ್ತು ಬೇಯಿಸಿ ಹಾಕುವುದು ಆಗುವುದಿಲ್ಲ ಎಂದಳು. ಪಪ್ಪನ ಉತ್ತರ ಸಿದ್ಧವಿತ್ತು.

"ನಿನ್ನ ಹೊಟ್ಟೆಯಲ್ಲಿರುದಕ್ಕೇ ಇದೆಲ್ಲ ಮಾಡುದು ಮಾರಾಯ್ತಿ. ನನಗೆಂತ ಹಾವು ಸಾಕುವ ಶೋಕಿಯಾ?"

"ಹೊಟ್ಟೆಯಲ್ಲಿಪ್ಪುದಕ್ಕೆ ಸೆಖೆ ಆತಿಲ್ಯಾ?"

ಪಪ್ಪ ಬಗ್ಗಿ ಟವೆಲನ್ನು ಸಂದಿಗೆ ಇನ್ನಷ್ಟು ಒತ್ತಿದರು. ಆ ಪ್ರಶ್ನೆಯನ್ನು ನಾನೂ ಕೇಳಿಸಿಕೊಂಡೆ, ಆದರೆ ಹಾಳೆಯಲ್ಲಿ ಅದರ ಬಗ್ಗೆ ಏನೂ ಬರೆದಿರಲಿಲ್ಲ. ಒಂದು ದಿನ ಅಮ್ಮ ಮೀನು ಹುರಿಯುತ್ತ ತಡೆಯಲಾರದೆ ಬಾಗಿಲು ತೆರೆದಳು. ಅವಳ ಮುಖ ಕೆಂಪಾಗಿತ್ತು, ನೈಟಿಯ ಬೆನ್ನು ಪೂರ್ತಿ ತೊಯ್ದಿತ್ತು. ನಾನು ಎದ್ದುಹೋಗಿ, ಅವಳ ಮುಖ ನೋಡುತ್ತಲೇ, ಬಾಗಿಲನ್ನು ದೂಡಿ ಮುಚ್ಚಿದೆ. ಅವಳು ಮತ್ತೆ ತೆರೆಯಲಿಲ್ಲ. ಪಪ್ಪ ಮುಚ್ಚಿಸಿದರು ಎಂದು ಬರೆದುಬಿಟ್ಟರೆ ನನಗೆ ಹಗುರಾಗುತ್ತಿತ್ತು. ಆದರೆ ಆ ದಿನ ಮನೆಯಲ್ಲಿ ಪಪ್ಪ ಇರಲಿಲ್ಲ.

ಆಗಸ್ಟಿನ ಒಂದು ದಿನ ಹನ್ನೊಂದು ಗಂಟೆ ಹೊತ್ತಿಗೆ ನಮ್ಮ ಬ್ಲಾಕಿಗೆ ಕರೆಂಟು ಹೋಯಿತು. ದುಬೈಯಲ್ಲಿ ಹುಟ್ಟಿ ಬೆಳೆದ ನನಗೆ ಅದು ಹೊಸ ಅನುಭವ. ಎ.ಸಿ.ಯ ಸದ್ದು ನಿಂತಾಗಲೇ ಗೊತ್ತಾದದ್ದು, ಅಂಥದೊಂದು ಸದ್ದು ಯಾವಾಗಲೂ ಇತ್ತೆಂದು. ಫ್ರಿಜ್ಜು ಒಮ್ಮೆ ನಡುಗಿ ಸುಮ್ಮನಾಯಿತು. ಕೆಳಗೆ ಹೋಗಿ ನಾತೂರನನ್ನು, ಅಂದರೆ ನಮ್ಮ ವಾಚ್‌ಮನ್‌ನನ್ನು ಕೇಳಿದೆ. ಮೀಟರ್ ರೂಮಿನಲ್ಲಿ ಏನೋ ಸುಟ್ಟಿದೆ, ಜನ ಬರುತ್ತಿದ್ದಾರೆ, ಅರ್ಧ ಗಂಟೆ ಎಂದ. ಮೆಟ್ಟಿಲು ಹತ್ತಿ ಬಂದರೆ ಅಮ್ಮ ಮಂಚದ ಮೇಲೆ ಮಲಗಿದ್ದಳು. ಬೆಳಗಿನಿಂದ ತಲೆನೋವು ಎನ್ನುತ್ತಿದ್ದಳು, ಪಾದ ಊದಿತ್ತು, ಎರಡು ಸಲ ವಾಂತಿ ಮಾಡಿದ್ದಳು. ಅಕ್ಕಪಕ್ಕದ ಮನೆಗಳಲ್ಲಿ ಇದ್ದವರೆಲ್ಲ ಬ್ಯಾಚುಲರ್‌ಗಳು, ಆ ಹೊತ್ತಿಗೆ ಎಲ್ಲರೂ ಕೆಲಸದಲ್ಲಿ. ಕಿಟಕಿ ತೆರೆದೆ, ಒಲೆಯ ಮುಂದೆ ಮುಖವಿಟ್ಟಂತೆ ಗಾಳಿ ನುಗ್ಗಿತು, ಮುಚ್ಚಿಬಿಟ್ಟೆ. ಅರ್ಧ ಗಂಟೆ ಕಳೆಯಿತು, ಒಂದು ಗಂಟೆ ಕಳೆಯಿತು. ಥರ್ಮಾಮೀಟರ್ ಇಪ್ಪತ್ತೊಂಬತ್ತು ತೋರಿಸಿತು, ಆಮೇಲೆ ಮೂವತ್ತೊಂದು. ಎರಡೂ ಮರಿಗಳು ನೀರಿನ ಬಟ್ಟಲಿನಲ್ಲಿ ಒಂದರ ಮೇಲೊಂದು ಬಿದ್ದುಕೊಂಡವು.

ಹಾಳೆಯಲ್ಲಿದ್ದದ್ದನ್ನು ಚಾಚೂ ತಪ್ಪದೆ ಮಾಡಿದೆ. ಅಮ್ಮ ಮೀನು ತರುತ್ತಿದ್ದ ಥರ್ಮೋಕೋಲಿನ ಡಬ್ಬಿ ತೊಳೆದೆ. ಮರಿಗಳನ್ನು ಹತ್ತಿಬಟ್ಟೆಯ ದಿಂಬಿನ ಚೀಲದೊಳಗೆ ಬಿಟ್ಟು ಬಾಯಿ ಕಟ್ಟಿದೆ. ಫ್ರೀಜರಿನಲ್ಲಿ ಐಸ್ ಕಟ್ಟಿದ ನೀರಿನ ಬಾಟ್ಲಿಗಳು ಎರಡಿದ್ದವು. ಅವನ್ನು ಟವೆಲಿನಲ್ಲಿ ಸುತ್ತುತ್ತಿದ್ದಾಗ ಅಮ್ಮ ಕಣ್ಣು ತೆರೆದಳು.

"ಒಂದ್ ಬಾಟ್ಲಿ ಇಲ್ಲಿ ಕೊಡ್, ಮಗಾ. ಕುತ್ತಿಗೆಗೆ ಇಟ್ಕಂತೆ."

"ಸ್ನೇಕ್ಸ್‌ಗೆ ಎರಡೂ ಬೇಕು ಅಮ್ಮ. ಒಂದು ಸಾಕಾಗುದಿಲ್ಲ."

ಬೈಯುತ್ತಾಳೆ ಎಂದುಕೊಂಡೆ. ಬೈದಿದ್ದರೆ ಕೊಡುತ್ತಿದ್ದೆನೋ ಏನೋ.

"ಆಯ್ತ್, ಇಡ್" ಎಂದು ಗೋಡೆಯತ್ತ ತಿರುಗಿದಳು.

ಹನ್ನೆರಡೂವರೆಗೆ ಸರಿಯಾಗಿ ಫೋನ್ ಬಂತು. ಕರೆಂಟು ಹೋದದ್ದನ್ನು ಹೇಳಿದೆ, ಮೂವತ್ತೆರಡಾಗಿದೆ ಎಂದೆ. ಪಪ್ಪನ ದನಿ ಒಡೆಯಿತು. ಅವರು ಅಷ್ಟು ಹೆದರಿದ್ದನ್ನು ನಾನು ಅದುವರೆಗೆ ಕೇಳಿರಲಿಲ್ಲ.

"ಜುಬೈದಾ ಆಂಟಿ ಮನೆಗೆ ತಕೊಂಡು ಹೋಗು. ಈಗಲೇ ಹೊರಡು. ಅವರ ಬ್ಲಾಕಲ್ಲಿ ಕರೆಂಟ್ ಇರ್ಬೇಕು."

"ಅಮ್ಮ?"

"ಅಮ್ಮ ಎಂತ ಮಾಡ್ತಾಳೆ?"

"ಮಲಗಿದ್ದಾಳೆ. ವಾಮಿಟ್ ಮಾಡಿದಳು."

"ಮಲಗಲಿ. ಅವಳು ದೊಡ್ಡವಳಲ್ವಾ? ನೀನು ಹೊರಡು ಮಗಾ, ತಡ ಮಾಡ್ಬೇಡ."

ಅಮ್ಮನಿಗೆ ಹೇಳಿದೆ. ನಾನೂ ಬರಲಾ ಎಂದು ಏಳಲು ನೋಡಿದಳು, ತಲೆ ತಿರುಗಿ ಕೂತಳು. ಲಿಫ್ಟು ಇರಲಿಲ್ಲ, ಮೂರು ಮಾಳಿಗೆ ಇಳಿಯಬೇಕು. "ನೀ ಹೋಗ್, ಬೇಗ ಬಾ" ಎಂದಳು. ಜುಬೈದಾ ಆಂಟಿ ನಮ್ಮ ಉಡುಪಿ ಕಡೆಯ ಬ್ಯಾರಿ ಹೆಂಗಸು, ಶಾಲೆಯಲ್ಲಿ ನನ್ನ ಗೆಳತಿಯ ಅಮ್ಮ, ಮಗಳನ್ನು ಮಾತ್ರ ರಜೆಗೆ ಊರಿಗೆ ಕಳಿಸಿದ್ದಳು. ಮೊರಾಕ್ಕೊ ಬ್ಲಾಕಿನಲ್ಲಿ ಮನೆ. ನಡೆದರೆ ಕಾಲು ಗಂಟೆಯ ದಾರಿ, ಆ ಬಿಸಿಲಿನಲ್ಲಿ ದಾರಿಯುದ್ದಕ್ಕೂ ಒಂದು ನರಪಿಳ್ಳೆ ಇರಲಿಲ್ಲ. ಡಾಂಬರು ಚಪ್ಪಲಿಗೆ ಅಂಟುತ್ತಿತ್ತು. ನಾನು ಡಬ್ಬಿಯನ್ನು ಎದೆಗೆ ಅವುಚಿಕೊಂಡಿದ್ದೆ. ಐಸಿನ ತಂಪು ಥರ್ಮೋಕೋಲಿನ ಬಿರುಕಿನಿಂದ ಒಸರಿ ನನ್ನ ಅಂಗಿಗೆ ತಾಗುತ್ತಿತ್ತು. ಸುಖವಾಗಿತ್ತು. ಗ್ರೋಸರಿಯ ನೆರಳಿನಲ್ಲಿ ಒಂದು ಕ್ಷಣ ನಿಂತು ಕೆನ್ನೆಯನ್ನು ಡಬ್ಬಿಗೆ ಒತ್ತಿಕೊಂಡೆ ಕೂಡ.

ಆಂಟಿ ಬಾಗಿಲು ತೆರೆದಾಗ ತಣ್ಣನೆಯ ಗಾಳಿ ಮುಖಕ್ಕೆ ಬಡಿಯಿತು. ನಾನು ಹಾವು ಎಂದೊಡನೆ ಎರಡು ಹೆಜ್ಜೆ ಹಿಂದೆ ಸರಿದಳು.

"ಎಂತದಿದು ಮೋಳೇ! ಅಮ್ಮ ಎಲ್ಲಿ?"

"ಮನೆಯಲ್ಲಿ. ನಮ್ಮಲ್ಲಿ ಕರೆಂಟ್ ಇಲ್ಲ ಆಂಟಿ. ಇವಕ್ಕೆ ಸೆಖೆ ಆಗ್ತದೆ ಅಂತ ತಂದೆ."

"ಕರೆಂಟ್ ಇಲ್ಲದ ಮನೆಯಲ್ಲಿ, ಒಬ್ಬಳೇ? ಈ ಹೊಟ್ಟೆಯಲ್ಲಿ? ಯಾ ಅಲ್ಲಾಹ್!"

ಆ ಬೇಸಿಗೆಯಲ್ಲಿ ಅಮ್ಮ ಎಲ್ಲಿ ಎಂದು ಅಮ್ಮನಿಗಾಗಿ ಕೇಳಿದವಳು ಅವಳೊಬ್ಬಳೇ. ಮೈಮೇಲೆ ಕಪ್ಪು ಅಬಾಯ ಎಳೆದುಕೊಂಡು, ಗಂಡನಿಗೆ ಫೋನ್ ಮಾಡುತ್ತ, ಬಾ ಬಾ ಎಂದು ನನ್ನ ಕೈಹಿಡಿದೆಳೆದಳು. ನಾನು ಕೈ ಬಿಡಿಸಿಕೊಂಡೆ. ಮೊದಲು ಡಬ್ಬಿಗೆ ಸರಿಯಾದ ಜಾಗ ಆಗಬೇಕಿತ್ತು. ಕಿಟಕಿಯಿಂದ ದೂರ, ಎ.ಸಿ.ಯ ನೇರ ಗಾಳಿಗೂ ದೂರ, ಸೋಫಾದ ಹಿಂದೆ ಇಟ್ಟೆ. ಮುಚ್ಚಳವನ್ನು ಒಂದು ಬೆರಳಿನಷ್ಟು ಸರಿಸಿದೆ. ಜೇಬಿನಲ್ಲಿ ತಂದಿದ್ದ ಥರ್ಮಾಮೀಟರನ್ನು ಪಕ್ಕದಲ್ಲಿಟ್ಟು, ಅದು ಇಳಿಯುವುದನ್ನು ಕಾದೆ. ಬಾಗಿಲಲ್ಲಿ ನಿಂತ ಆಂಟಿ ಮೂರು ಸಲ ನನ್ನ ಹೆಸರು ಕೂಗಿದಳು. ಇಪ್ಪತ್ತೈದಕ್ಕೆ ಬಂದ ಮೇಲೆ ಎದ್ದೆ.

ನಾವು ಹೋದಾಗ ಅಮ್ಮ ಮಂಚದಲ್ಲಿ ಇರಲಿಲ್ಲ. ಬಚ್ಚಲಿನ ನೆಲದಲ್ಲಿ ಗೋಡೆಗೆ ಒರಗಿ ಕುಸಿದಿದ್ದಳು, ನಲ್ಲಿ ಸುರಿಯುತ್ತಿತ್ತು. ಮೈಮೇಲೆ ನೀರು ಹಾಕಿಕೊಳ್ಳಲು ಹೋಗಿದ್ದಳು. ದುಬೈಯ ಬೇಸಿಗೆಯಲ್ಲಿ ತಾರಸಿಯ ಟ್ಯಾಂಕಿನ ನೀರು ಹಗಲೆಲ್ಲ ಕಾದು ತಣ್ಣೀರಿನ ನಲ್ಲಿಯಲ್ಲೇ ಸುಡುನೀರು ಬರುತ್ತದೆ, ಅದು ಅವಳಿಗೂ ಗೊತ್ತಿತ್ತು. ಬೇರೆ ದಾರಿ ಇರಲಿಲ್ಲ ಅಷ್ಟೆ. ಮೈ ಮುಟ್ಟಿದರೆ ಕೆಂಡ, ಬೆವರೇ ಇಲ್ಲ. ಆಂಟಿ ಅವಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು, ತಾನು ತಂದಿದ್ದ ತಣ್ಣೀರಿನಿಂದ ಮುಖ ಒರೆಸುತ್ತ, ನಿನಗೇನೂ ಆಗುವುದಿಲ್ಲ ತಂಗೀ ಎಂದು ಹೇಳುತ್ತಲೇ ಇದ್ದಳು. ಆಂಬುಲೆನ್ಸ್ ಬಂತು. ಸಂಜೆಯ ಹೊತ್ತಿಗೆ ನನ್ನ ತಮ್ಮ ಹೊಟ್ಟೆಯಲ್ಲೇ ತೀರಿಕೊಂಡಿದ್ದಾನೆ ಎಂದು ಡಾಕ್ಟರು ಹೇಳಿದರು. ಸೆಖೆಯಿಂದಲೇ ಎಂದು ಯಾರೂ ಖಡಾಖಂಡಿತವಾಗಿ ಹೇಳಲಿಲ್ಲ. ಬಿ.ಪಿ. ಎಂದರು, ನೀರಿನಂಶ ಪೂರ್ತಿ ಇಳಿದಿತ್ತು ಎಂದರು, ಮೊದಲೇ ಏನೋ ತೊಂದರೆ ಇದ್ದಿರಬಹುದು ಎಂದರು. ದೊಡ್ಡವಳಾದ ಮೇಲೆ ನಾನು ಅದರ ಬಗ್ಗೆ ಬೇಕಾದಷ್ಟು ಓದಿದ್ದೇನೆ. ಓದಿದಷ್ಟೂ ನನಗೆ ಬೇಕಾದ ಉತ್ತರ ಸಿಕ್ಕಿಲ್ಲ, ಬೇಡವಾದ ಉತ್ತರವೂ ಸಿಕ್ಕಿಲ್ಲ.

ಹಾವುಗಳಿಗೆ ಏನೂ ಆಗಲಿಲ್ಲ. ಅಮ್ಮ ಆಸ್ಪತ್ರೆಯಿಂದ ಬರುವ ಮೊದಲೇ ಪಪ್ಪ ಅವನ್ನು ತಂದು ಅದೇ ಮೇಜಿನ ಮೇಲೆ ಇಟ್ಟಾಗಿತ್ತು. ಆ ಡಿಸೆಂಬರಿನಲ್ಲಿ ರಜೆ ಸಿಕ್ಕಿತು, ಊರಿಗೆ ಹೋದೆವು. ಗಂಡನ ಪಕ್ಕ ಅಮ್ಮ ಹೊಸ ಸೀರೆ ಉಟ್ಟು ಕೂತಳು, ಭಟ್ಟರು ಹೇಳಿದಾಗ ಕೈಮುಗಿದಳು, ಹೇಳಿದಾಗ ಎದ್ದಳು. ಪಪ್ಪ ಬಂದ ನೆಂಟರಿಗೆಲ್ಲ ಹೇಳುತ್ತಿದ್ದರು, ನಾವು ಸಾಕಿದ್ದ ಎರಡೂ ಜೀವಂತ ಉಂಟು, ಅಂದರೆ ನಾಗ ನಮ್ಮನ್ನು ಕ್ಷಮಿಸಿದ್ದಾನೆ, ಮಗು ಹೋದದ್ದು ಅದರಿಂದಲ್ಲ, ಅದು ನಮ್ಮ ಹಣೆಬರಹ. ಅವರು ಇಂದಿಗೂ ಹಾಗೇ ಹೇಳುತ್ತಾರೆ, ಹೇಳಿ ನೆಮ್ಮದಿಯಾಗಿ ನಿದ್ದೆ ಮಾಡುತ್ತಾರೆ. ಬಾಟ್ಲಿಯ ವಿಷಯ ಅಮ್ಮ ಯಾರಿಗೂ ಹೇಳಲಿಲ್ಲ. ನಾನು ಎತ್ತಿದಾಗಲೆಲ್ಲ "ನೀ ಸಣ್ಣವಳಿದ್ದೆ" ಎಂದು ಎದ್ದು ಹೋಗುತ್ತಾಳೆ. ಒಮ್ಮೆಯಾದರೂ ಕಿರುಚಿ ಬೈಯಬಾರದೇ ಎಂದು ನನಗೆ ಅವಳ ಮೇಲೂ ಕೋಪ ಬರುತ್ತದೆ.

ಆದರೆ ನನ್ನನ್ನು ಬಿಡದೆ ಕಾಡುವುದು ಆ ಸಂಜೆಯ ಆಸ್ಪತ್ರೆಯ ಕಾರಿಡಾರು. ಡಾಕ್ಟರು ಹೊರಬರಲು ಇನ್ನೂ ಅರ್ಧ ಗಂಟೆ ಇತ್ತು, ನಮಗೆ ಇನ್ನೂ ಏನೂ ಗೊತ್ತಿರಲಿಲ್ಲ. ಆಂಟಿ ಒಳಗೆ ಅಮ್ಮನ ಹತ್ತಿರ ಇದ್ದಳು. ನಾನು ಕುರ್ಚಿಯಲ್ಲಿ ಒಬ್ಬಳೇ ಕೂತಿದ್ದೆ. ಪಪ್ಪ ಸೈಟಿನ ಬಟ್ಟೆಯಲ್ಲೇ ಓಡಿ ಬಂದರು, ಶೂಸಿನ ತುಂಬ ಮರಳು, ಹುಬ್ಬಿನ ಮೇಲೂ ಮರಳು. ನನ್ನೆದುರು ಕುಕ್ಕರಗಾಲಲ್ಲಿ ಕೂತು ನನ್ನ ಎರಡೂ ಭುಜ ಹಿಡಿದರು.

"ಎರಡೂ ಉಂಟಾ?"

"ಉಂಟು ಪಪ್ಪ. ಆಂಟಿ ಮನೆಯಲ್ಲಿ ಟ್ವೆಂಟಿ ಫೈವ್ ಉಂಟು. ಸೋಫಾದ ಹಿಂದೆ ಇಟ್ಟಿದ್ದೇನೆ."

ಅವರ ಮುಖ ಸಡಿಲಾಯಿತು. ಹಾಗಾದರೆ ಮಗುವಿಗೂ ಏನೂ ಆಗುವುದಿಲ್ಲ ಎಂದು ಅವರು ಲೆಕ್ಕ ಹಾಕಿದ್ದು ನನಗೆ ಕಾಣಿಸಿತು, ಯಾಕೆಂದರೆ ನಾನೂ ಅದೇ ಲೆಕ್ಕ ಹಾಕಿದ್ದೆ. 'ಜಾಣೆ ನನ್ನ ಮಗಳು' ಎಂದು ತಲೆ ಸವರಿ, ಪಕ್ಕದ ಕುರ್ಚಿಯಲ್ಲಿ ಕೂತು, ನನ್ನನ್ನು ತನ್ನತ್ತ ಎಳೆದುಕೊಂಡರು. ಅವರು ನನ್ನನ್ನು ಹೊಗಳಿದ್ದು ಅದೇ ಮೊದಲು. ನಾನು ಅವರ ತೋಳಿಗೆ ಒರಗಿ, ಎದುರಿನ ಮುಚ್ಚಿದ ಬಾಗಿಲನ್ನು ನೋಡುತ್ತ ಕೂತೆ. ಅಮ್ಮ ಅದರ ಹಿಂದೆ ಇದ್ದಳು. ಇಡೀ ಬಾಲ್ಯದಲ್ಲಿ ನಾನು ಅಷ್ಟು ಸಂತೋಷವಾಗಿದ್ದ ಅರ್ಧ ಗಂಟೆ ಇನ್ನೊಂದಿಲ್ಲ.